ಸೀಲು ಒಡೆಯುವ ಮುನ್ನ: ಹಳೆಯ ಲಾರಿಯ ಡೀಸೆಲ್ ಪಂಪು

ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಲಾರಿ ಉದ್ಯಮವು ಕಬ್ಬಿಣ, ಕಾಗದ, ಮರ ಮತ್ತು ಅಡಿಕೆಯನ್ನು ಆಧರಿಸಿ ಬೆಳೆದುದಾಗಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನಾರಂಭಿಸಿತು. ಕಾಗದದ ಕಾರ್ಖಾನೆಯು 1930ರ ದಶಕದಲ್ಲಿ ಸ್ಥಾಪನೆಯಾಯಿತು. ಕಾಗದದ ಯಂತ್ರಗಳು ನಿಂತು ವರ್ಷಗಳೇ ಸಂದಿವೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಅದೇ ವರ್ಷ ಭಾಗಶಃ ಕೆಲಸ ಪುನರಾರಂಭಗೊಂಡಿತು. ಬಾಡಿಗೆ ಖಚಿತವಿಲ್ಲದ ಇಂತಹ ದಿನಗಳಲ್ಲಿ, ಸಾಲ ತೀರಿದ ಹಳೆಯ ಲಾರಿಯನ್ನೇ ಉಳಿಸಿಕೊಳ್ಳುವುದು ಸಣ್ಣ ಮಾಲೀಕರಿಗೆ ಅನಿವಾರ್ಯ. ಅವರ ಲಾಭ ನಷ್ಟಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಂಜಿನ್ನಿನ ಪಕ್ಕದಲ್ಲಿರುವ ಇಂಧನ ಪಂಪು.

ಲೋಡು ಎಳೆಯದಿದ್ದಾಗ

ಹಳೆಯ ಲಾರಿಗಳಲ್ಲಿರುವ ಸಾಲು ಪಂಪನ್ನು ಗ್ಯಾರೇಜುಗಳಲ್ಲಿ ಇಂದಿಗೂ ‘ಮೈಕೊ ಪಂಪು’ ಎಂದೇ ಕರೆಯುತ್ತಾರೆ. 1951ರಲ್ಲಿ ಸ್ಥಾಪನೆಯಾದ ಮೈಕೊ ಸಂಸ್ಥೆಯು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಹೆಸರು ಅಳಿದಿಲ್ಲ. ಆರು ಸಿಲಿಂಡರಿನ ಎಂಜಿನ್ನಿಗೆ ಈ ಪಂಪಿನಲ್ಲಿ ಆರು ಪ್ಲಂಜರುಗಳಿರುತ್ತವೆ. ಪ್ಲಂಜರು ಮತ್ತು ಅದರ ಬ್ಯಾರೆಲ್ಲಿನ ನಡುವಣ ಅಂತರವು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ನೀರು ಅಥವಾ ಧೂಳು ಸೇರಿದ ಡೀಸೆಲ್ ಅಲ್ಲಿ ಎಷ್ಟು ಹಾನಿ ಮಾಡಬಲ್ಲುದೆಂಬುದನ್ನು ಇದರಿಂದಲೇ ಊಹಿಸಬಹುದು.

ಘಾಟಿ ಏರುವಾಗ ಲಾರಿ ಲೋಡು ಎಳೆಯದಿದ್ದರೆ, ಪಂಪಿನ ಗರಿಷ್ಠ ಇಂಧನದ ತಿರುಪನ್ನು ತುಸು ತಿರುಗಿಸಿ ಡೀಸೆಲ್ ಹೆಚ್ಚಿಸುವ ರೂಢಿಯಿದೆ. ಆ ತಿರುಪಿಗೆ ಸೀಲು ಹಾಕಿರುವುದು ಸಕಾರಣವಾಗಿಯೇ. ಒಳಹೋಗುವ ಗಾಳಿಯ ಪ್ರಮಾಣ ಹೆಚ್ಚದೆ ಡೀಸೆಲ್ ಮಾತ್ರ ಹೆಚ್ಚಿದರೆ ಅದು ಪೂರ್ಣವಾಗಿ ಉರಿಯಲಾರದು. ಎಳೆತ ಕೊಂಚ ಹೆಚ್ಚಿದಂತೆ ಕಂಡರೂ ಕಪ್ಪು ಹೊಗೆ ಬರುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುಗೊಳಿಸುತ್ತದೆ.

ತಿಂಗಳಿಗೆ 5,000 ಕಿ.ಮೀ. ಓಡುವ ಲಾರಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಲೀಟರಿಗೆ 4 ಕಿ.ಮೀ. ದೊರೆತರೆ 1,250 ಲೀಟರ್ ಸಾಕು. ಅದು 3.6 ಕಿ.ಮೀ.ಗೆ ಇಳಿದರೆ ಸುಮಾರು 1,389 ಲೀಟರ್ ಬೇಕು. ಲೀಟರಿಗೆ 90 ರೂ.ಗಳಂತೆ ಲೆಕ್ಕ ಹಿಡಿದರೂ ತಿಂಗಳಿಗೆ ಸುಮಾರು 12,500 ರೂ. ಹೆಚ್ಚುವರಿ ವೆಚ್ಚ. ಪಂಪು ಮತ್ತು ನಾಝಲ್‌ಗಳ ತಪಾಸಣೆಯ ಖರ್ಚನ್ನು ಈ ಮೊತ್ತದೊಡನೆ ಹೋಲಿಸಿ ನೋಡಬೇಕು.

ಪಂಪಿಗೆ ಕೊನೆಯ ಸರದಿ

ಪಂಪನ್ನು ಬಿಚ್ಚುವುದಕ್ಕೆ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಫೀಡ್ ಪಂಪು, ಗಾಳಿ ಸೇರುವ ಸಡಿಲ ಕೊಳವೆಗಳು, ಟ್ಯಾಪೆಟ್ ಅಂತರ ಹಾಗೂ ನಾಝಲ್‌ಗಳನ್ನು ಕ್ರಮವಾಗಿ ಪರೀಕ್ಷಿಸಬೇಕು. ನಾಝಲ್ ತೊಟ್ಟಿಕ್ಕುತ್ತಿದ್ದರೂ ಕಪ್ಪು ಹೊಗೆ ಬರುತ್ತದೆ. ಆ ತಪ್ಪಿಗೆ ಪಂಪನ್ನು ದೂರುವುದು ಸಲ್ಲದು.

ಬಳಿಕ ಟೈಮಿಂಗ್. ಡೀಸೆಲ್ ಬೇಗ ಸಿಡಿದರೆ ಎಂಜಿನ್ ಕಟಕಟನೆ ಬಡಿಯುತ್ತದೆ. ತಡವಾದರೆ ಎಳೆತ ಕುಗ್ಗಿ, ತಣ್ಣಗಿದ್ದಾಗ ಬಿಳಿ ಹೊಗೆ ಬರುತ್ತದೆ. ಇದನ್ನು ಲಾರಿಯ ಮೇಲೆಯೇ ಹೊಂದಿಸಬಹುದು. ಮೊದಲನೆಯ ಪ್ಲಂಜರಿನ ಡೆಲಿವರಿ ವಾಲ್ವ್ ಮತ್ತು ಸ್ಪ್ರಿಂಗನ್ನು ತೆಗೆದು, ಹೋಲ್ಡರಿಗೆ ಬಾಗಿದ ಕೊಳವೆ ಜೋಡಿಸಿ, ಡೀಸೆಲ್ ಹಾಯಿಸುತ್ತ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಮೆಲ್ಲನೆ ತಿರುಗಿಸುತ್ತಾರೆ. ಧಾರೆ ಕಡಿದು ಹನಿಯಾಗುವ ಬಿಂದುವೇ ಇಂಧನ ಸಿಂಪಡಣೆಯ ಆರಂಭ. ಅದು ತಯಾರಕರು ಸೂಚಿಸಿದ ಗುರುತಿಗೆ ಕೂಡದಿದ್ದರೆ, ಪಂಪಿನ ನಟ್ಟುಗಳನ್ನು ಸಡಿಲಿಸಿ ಒಡಲನ್ನು ಹೊರಳಿಸಬೇಕು. ಪಂಪಿನ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಹೊರಳಿಸಿದರೆ ಟೈಮಿಂಗ್ ಮುಂದಾಗುತ್ತದೆ. ಅದೇ ದಿಕ್ಕಿಗೆ ಹೊರಳಿಸಿದರೆ ಹಿಂದಾಗುತ್ತದೆ.

ಬೆಂಚಿನ ಮೇಲಷ್ಟೇ ಆಗುವ ಕೆಲಸ

ಡೀಸೆಲ್ಲಿನ ಪ್ರಮಾಣವನ್ನು ಹೊಂದಿಸಲು ಮಾತ್ರ ಟೆಸ್ಟ್ ಬೆಂಚ್ ಬೇಕೇ ಬೇಕು. ಅಲ್ಲಿ ಪ್ರತಿ ಪ್ಲಂಜರು ನಿಗದಿತ ಸಂಖ್ಯೆಯ ಹೊಡೆತಗಳಲ್ಲಿ ಎಷ್ಟು ಎಣ್ಣೆ ನೀಡುತ್ತದೆಂಬುದನ್ನು ಅಳತೆಯ ಗಾಜಿನ ನಳಿಗೆಗಳಲ್ಲಿ ಹಿಡಿದು ನೋಡುತ್ತಾರೆ. ಆರು ನಳಿಗೆಗಳ ಮಟ್ಟ ಸಮನಾಗಬೇಕು. ಒಂದು ಪ್ಲಂಜರಿನಿಂದ ಮುಂದಿನದಕ್ಕೆ ಶಾಫ್ಟ್ 60 ಡಿಗ್ರಿ ತಿರುಗಬೇಕು. ಐಡಲಿಂಗ್‌ನಲ್ಲಿಯೂ ಪೂರ್ಣ ವೇಗದಲ್ಲಿಯೂ ಅಳೆದು, ಗವರ್ನರ್ ಡೀಸೆಲ್ ಕಡಿತಗೊಳಿಸುವ ವೇಗವನ್ನು ಪರೀಕ್ಷಿಸಿದ ನಂತರವೇ ಹೊಸ ಸೀಲು ಹಾಕಬೇಕು. ಕಣ್ಣಳತೆಗೂ ಕಿವಿಯಳತೆಗೂ ಇಲ್ಲಿ ಸ್ಥಾನವಿಲ್ಲ.

ಹೊಗೆ ತಪಾಸಣೆಗೂ ಇದು ಮುಖ್ಯ. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳ ಹೊಗೆಯ ಮಿತಿ 65 ಹಾರ್ಟ್ರಿಜ್ ಮಾನ. ತಿರುಪು ತಿರುಗಿಸಿದ ಲಾರಿ ಈ ಮಿತಿಯನ್ನು ದಾಟಿದರೆ ಪ್ರಮಾಣಪತ್ರ ದೊರೆಯದು.

ಮಾಲೀಕರು ಪಾಲಿಸಬೇಕಾದ ನಿಯಮ ಸರಳವಾದುದು. ಪಂಪು ಬೆಂಚಿನಿಂದ ಇಳಿದಾಗ ಆರೂ ಪ್ಲಂಜರುಗಳ ಅಳತೆಯನ್ನು ಬರೆಸಿಕೊಂಡು, ದಿನಾಂಕ ಮತ್ತು ಕಿಲೋಮೀಟರಿನೊಡನೆ ಲಾರಿಯ ಕಡತದಲ್ಲಿರಿಸಬೇಕು. ಮುಂದೊಮ್ಮೆ ಎಳೆತ ಕಡಿಮೆಯಾದಾಗ ಆ ಚೀಟಿಯೊಡನೆ ಹೋಲಿಸಿದರೆ ದೋಷ ಪಂಪಿನದೋ ಬೇರೆಡೆಯದೋ ತಿಳಿಯುತ್ತದೆ. ಅಲ್ಲಿಯವರೆಗೆ ಸೀಲು ಒಡೆಯದಿರುವುದೇ ಲೇಸು.