ಮೂಗಿಗಿಂತ ಮೂಗುತಿ ಭಾರ: ಹಳೆಯ ಪೋರ್ಷೆ 944 ಕಾರು ಕಲಿಸುವ ವೆಚ್ಚದ ಪಾಠ

ಬಳಸಿದ ಯಂತ್ರವನ್ನು ಕೊಳ್ಳುವಾಗ ನಮ್ಮ ಉದ್ಯಮಿಗಳು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಬೆಲೆ ಎಷ್ಟು? ಬಿಡಿಭಾಗಗಳು ದೊರೆಯುತ್ತವೆಯೆ? ಕೆಟ್ಟ ಭಾಗದವರೆಗೆ ಕೈ ತಲುಪಲು ಎಷ್ಟು ಖರ್ಚಾಗುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯ ತೂಕವನ್ನು ಮನಗಾಣಿಸುವ ಉತ್ತಮ ನಿದರ್ಶನವೆಂದರೆ ಜರ್ಮನಿಯ ಪೋರ್ಷೆ 944 ಎಂಬ ಸ್ಪೋರ್ಟ್ಸ್ ಕಾರು.

ಇದರ ಪೂರ್ವಜವಾದ 924 ಮಾದರಿಯನ್ನು ಪೋರ್ಷೆ ಸಂಸ್ಥೆಯು ಮೂಲತಃ ಫೋಕ್ಸ್‌ವ್ಯಾಗನ್‌ಗಾಗಿ ರೂಪಿಸಿತ್ತು. 1973ರ ತೈಲ ಬಿಕ್ಕಟ್ಟಿನ ತರುವಾಯ ಫೋಕ್ಸ್‌ವ್ಯಾಗನ್ ಹಿಂದೆ ಸರಿದಾಗ ಪೋರ್ಷೆಯೇ ಆ ವಿನ್ಯಾಸವನ್ನು ಮರಳಿ ಕೊಂಡು, ನೆಕಾರ್ಸುಲ್ಮ್‌ನಲ್ಲಿದ್ದ ಔಡಿ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ತಯಾರಿಸಿತು. ಅದರ ಮುಂದುವರಿಕೆಯಾದ 944, 1982ರಿಂದ 1991ರವರೆಗೆ ಸುಮಾರು 1 ಲಕ್ಷ 63 ಸಾವಿರ ಸಂಖ್ಯೆಯಲ್ಲಿ ತಯಾರಾಯಿತು.

ಈ ಕಾರಿನ ವೈಶಿಷ್ಟ್ಯವಿರುವುದು ಅದರ ಚಾಲನ ವ್ಯವಸ್ಥೆಯಲ್ಲಿ. ಎಂಜಿನ್ ಮುಂಭಾಗದಲ್ಲಿದ್ದರೆ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಕವಚದಲ್ಲಿ ಹಿಂಭಾಗದಲ್ಲಿವೆ. ಇವೆರಡನ್ನು ಟಾರ್ಕ್ ಟ್ಯೂಬ್ ಎಂಬ ಉದ್ದನೆಯ ಕೊಳವೆ ಜೋಡಿಸುತ್ತದೆ. ಅದರೊಳಗೆ ತೆಳುವಾದ ಶಾಫ್ಟ್ ತಿರುಗುತ್ತದೆ. ಇದರಿಂದ ಭಾರವು ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಬಹುತೇಕ ಸಮನಾಗಿ ಹಂಚಿಹೋಗಿ, ತಿರುವುಗಳಲ್ಲಿ ಕಾರು ಸ್ಥಿರವಾಗಿ ಸಾಗುತ್ತದೆ. ಆದರೆ ಕ್ಲಚ್ ಇರುವುದು ಮುಂದೆ, ಎಂಜಿನ್ನಿನ ಬೆನ್ನಿಗೆ. ಅದನ್ನು ಮುಟ್ಟಬೇಕಾದರೆ ಹಿಂದಿನಿಂದ ಮುಂದಕ್ಕೆ ಎಲ್ಲವನ್ನೂ ಕಳಚುತ್ತಾ ಬರಬೇಕು. ಚಲಿಸುವಾಗ ಲಾಭ ತರುವ ವಿನ್ಯಾಸವೇ ದುರಸ್ತಿಯ ದಿನ ಖರ್ಚನ್ನು ಏರಿಸುತ್ತದೆ.

ರಬ್ಬರಿಗೂ ಆಯುಷ್ಯವಿದೆ

ಮೊದಲ ತೊಂದರೆ ಕ್ಲಚ್ ಪ್ಲೇಟಿನದು. ಎಂಜಿನ್ನಿನ ಕಂಪನವನ್ನು ತಗ್ಗಿಸಲು ಈ ಪ್ಲೇಟಿನ ನಡುವೆ ಸ್ಪ್ರಿಂಗ್‌ಗಳ ಬದಲು ರಬ್ಬರನ್ನು ಅಳವಡಿಸಲಾಗಿತ್ತು. ಶಾಖಕ್ಕೂ ಕಾಲಕ್ಕೂ ಸಿಕ್ಕ ರಬ್ಬರು ಗಡುಸಾಗಿ, ಬಿರುಕುಬಿಟ್ಟು, ಕೊನೆಗೆ ಚೂರುಚೂರಾಗುತ್ತದೆ. ಆಗ ಆಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ 'ಟಕ್' ಎಂಬ ಹೊಡೆತ ಕೇಳಿಸುತ್ತದೆ. ಪ್ಲೇಟಿನ ಮೇಲ್ಮೈ ಇನ್ನೂ ಸವೆಯದಿದ್ದರೂ ನಡುವಿನ ರಬ್ಬರು ಹೋದರೆ ಇಡೀ ಪ್ಲೇಟು ವ್ಯರ್ಥ. ಆದುದರಿಂದ ಕಾರು ಕಡಿಮೆ ಓಡಿದೆ ಎಂಬುದು ಇಲ್ಲಿ ಭರವಸೆಯ ಮಾತಲ್ಲ. ರಬ್ಬರು ಎಣಿಸುವುದು ಕಿಲೋಮೀಟರುಗಳನ್ನಷ್ಟೇ ಅಲ್ಲ, ವರ್ಷಗಳನ್ನೂ ಸಹ. ಬದಲಾಯಿಸುವಾಗ ಸ್ಪ್ರಿಂಗ್ ಇರುವ ಪ್ಲೇಟನ್ನು ಹಾಕಿಸುವುದು ಈಗ ವಾಡಿಕೆಯಾಗಿದೆ.

ಕ್ಲಚ್ ಪೆಡಲ್ ನೆಲಕ್ಕೆ ಕುಸಿದರೆ ಮಾತ್ರ ಗಾಬರಿ ಬೇಡ. ಅದು ಬಹುಮಟ್ಟಿಗೆ ಹೈಡ್ರಾಲಿಕ್ ಸಿಲಿಂಡರುಗಳ ಸೋರಿಕೆ. ಇವನ್ನು ಗೇರ್‌ಬಾಕ್ಸ್ ಇಳಿಸದೆಯೇ ಬದಲಿಸಬಹುದು. ಸಣ್ಣ ದೋಷವನ್ನು ದೊಡ್ಡದೆಂದು ಭಾವಿಸಿ ಎಲ್ಲವನ್ನೂ ಬಿಚ್ಚಿಸುವುದೂ ನಷ್ಟವೇ.

ಕೊಳವೆಯೊಳಗಿನ ಸದ್ದು

ಕ್ಲಚ್ ಪೆಡಲನ್ನು ಒತ್ತದಿರುವಾಗ, ಕಾರು ನ್ಯೂಟ್ರಲ್‌ನಲ್ಲಿ ನಿಂತಿದ್ದರೂ ಕೊಳವೆಯೊಳಗಿನ ಶಾಫ್ಟ್ ಎಂಜಿನ್ನಿನ ವೇಗದಲ್ಲೇ ತಿರುಗುತ್ತಿರುತ್ತದೆ. ಅದನ್ನು ಹಿಡಿದಿರುವ ಬೇರಿಂಗುಗಳು ಒಣಗಿದಾಗ ಕಾರಿನ ನಡುಭಾಗದಿಂದ ಗೊರಗೊರ ಸದ್ದು ಬರುತ್ತದೆ. ಪೆಡಲ್ ಒತ್ತಿದೊಡನೆ ಅಡಗುತ್ತದೆ. ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನ ಬೇರಿಂಗ್ ಕೆಟ್ಟರೂ ಇದೇ ಲಕ್ಷಣ ಕಾಣಿಸುವುದರಿಂದ, ಸದ್ದು ನಡುವಿನಿಂದ ಬರುತ್ತಿದೆಯೋ ಹಿಂದಿನಿಂದಲೋ ಎಂಬುದನ್ನು ಕಿವಿಗೊಟ್ಟು ನಿರ್ಧರಿಸಬೇಕು.

ತಯಾರಕರ ಪದ್ಧತಿಯಂತೆ ಈ ಕೊಳವೆಯನ್ನು ಇಡಿಯಾಗಿ ಬದಲಿಸಬೇಕಿತ್ತು. ಆದರೆ ಬೇರಿಂಗುಗಳನ್ನಷ್ಟೇ ಹೊರತೆಗೆದು ಹೊಸದನ್ನು ಕೂರಿಸುವ ವಿಧಾನವನ್ನು ಸ್ವತಂತ್ರ ವರ್ಕ್‌ಶಾಪುಗಳು ರೂಢಿಸಿಕೊಂಡವು. ದೊಡ್ಡ ತಯಾರಕರು ಒಟ್ಟಾಗಿ ಮಾರುವುದನ್ನು ಬಿಡಿಯಾಗಿ ಸರಿಪಡಿಸಿಕೊಡುವುದೇ ಸಣ್ಣ ಉದ್ಯಮದ ಅವಕಾಶವೆಂಬುದನ್ನು ಪೀಣ್ಯ ಹಾಗೂ ಉದ್ಯಮಬಾಗ್‌ನ ನಮ್ಮ ಓದುಗರಿಗೆ ಬೇರೆ ಹೇಳಬೇಕಿಲ್ಲ.

ಹಿಂಬದಿಯ ಭಾಗಗಳು

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟುಗಳಲ್ಲಿ ನಾಲ್ಕು ಸಿ.ವಿ. ಜಾಯಿಂಟ್‌ಗಳಿವೆ. ಅವುಗಳ ರಬ್ಬರ್ ಬೂಟ್ ಹರಿದರೆ ಗ್ರೀಸ್ ಹೊರಚೆಲ್ಲಿ, ಧೂಳು ಒಳಸೇರಿ, ಜಾಯಿಂಟ್ ಸವೆದು ಕಟಕಟ ಸದ್ದು ಮಾಡುತ್ತದೆ. ಪ್ರತಿ ಜಾಯಿಂಟಿಗೆ ಆರರಂತೆ ಇರುವ 24 ಬೋಲ್ಟುಗಳು ಸಡಿಲವಾಗುವುದುಂಟು. ಕಾಲಕಾಲಕ್ಕೆ ಅವನ್ನು ಬಿಗಿಮಾಡಿಸುವುದು ಬಹು ಅಗ್ಗದ ವಿಮೆ. ಗೇರ್‌ಬಾಕ್ಸಿನಲ್ಲಿ ಎರಡನೆಯ ಗೇರಿನ ಸಿಂಕ್ರೊ ಬೇಗ ಸವೆಯುತ್ತದೆ. ಬೆಳಗಿನ ತಂಪಿನಲ್ಲಿ ಗೇರ್ ಬೀಳಲು ತಕರಾರು ಮಾಡುವುದು ಅದರ ಮೊದಲ ಸೂಚನೆ. ಗೇರ್ ಆಯಿಲ್ ಬದಲಿಸುವಾಗ ಲೋಹದ ಚೂರುಗಳು ಕಂಡರೆ ಅದು ಒಳಗಿನ ಬೇರಿಂಗು ಅಥವಾ ಹಲ್ಲುಗಳ ಸವೆತದ ಸಾಕ್ಷಿ.

ಒಮ್ಮೆ ಬಿಚ್ಚಿದಾಗ

ಕ್ಲಚ್ ಬದಲಿಸಲು ಸೈಲೆನ್ಸರ್ ಕೊಳವೆಗಳನ್ನು ಕಳಚಿ, ಶಾಫ್ಟುಗಳನ್ನು ಬಿಡಿಸಿ, ಗೇರ್‌ಬಾಕ್ಸ್ ಇಳಿಸಿ, ಟಾರ್ಕ್ ಟ್ಯೂಬನ್ನು ಹಿಂದಕ್ಕೆ ಸರಿಸಬೇಕು. ಇದು ಒಂದು ದಿನಕ್ಕೂ ಮಿಕ್ಕ ಕೆಲಸ. ಲೆಕ್ಕದ ಅನುಕೂಲಕ್ಕಾಗಿ ಕೂಲಿ 60,000 ರೂಪಾಯಿ, ಕ್ಲಚ್ ಪ್ಲೇಟು ಮತ್ತು ಪ್ರೆಷರ್ ಪ್ಲೇಟಿಗೆ 40,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಒಟ್ಟು 1,00,000. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಮತ್ತು ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೇರಿ ಇನ್ನೊಂದು 7,000 ಆಗುತ್ತದೆ ಎಂದೂ ಭಾವಿಸೋಣ. ಹಳೆಯವು ಇನ್ನೂ ಚೆನ್ನಾಗಿವೆಯೆಂದು ಈ 7,000 ರೂಪಾಯಿ ಉಳಿಸಿದ ಮಾಲೀಕನ ಕಾರಿನಲ್ಲಿ ವರ್ಷದೊಳಗೆ 1,000 ರೂಪಾಯಿಯ ಸೀಲ್ ಸೋರಿದರೆ, ಕೂಲಿ ಸೇರಿ 61,000 ರೂಪಾಯಿ ಮತ್ತೆ ತೆರಬೇಕು. ಸೋರಿದ ಎಣ್ಣೆ ಹೊಸ ಕ್ಲಚ್ ಪ್ಲೇಟನ್ನೂ ಕೆಡಿಸಿದರೆ ಅದರ ಬೆಲೆ ಬೇರೆ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹಾಗೆಂದು ಕಂಡದ್ದನ್ನೆಲ್ಲ ಬದಲಿಸುವುದು ಜಾಣತನವಲ್ಲ. ಮೂರು ಪರೀಕ್ಷೆಗಳು ಸಾಕು. ಆ ಭಾಗಕ್ಕೆ ಇದೇ ದಾರಿಯಲ್ಲಿ ತಲುಪಬೇಕೆ? ಅದರ ಉಳಿದ ಆಯುಷ್ಯ ಮುಂದಿನ ಬಾರಿ ಬಿಚ್ಚುವ ಕಾಲಕ್ಕಿಂತ ಕಡಿಮೆಯೆ? ಅದರ ಬೆಲೆ ಬಿಚ್ಚುವ ಕೂಲಿಗಿಂತ ಬಹಳ ಕಡಿಮೆಯೆ? ಮೂರಕ್ಕೂ ಹೌದೆಂದಾದರೆ ಬದಲಿಸಬೇಕು. ಲೇಥಿನ ಸ್ಪಿಂಡಲ್ ಬೇರಿಂಗಿಗೂ, ಪವರ್ ಪ್ರೆಸ್ಸಿನ ಕ್ಲಚ್ಚಿಗೂ, ಕಂಪ್ರೆಸರಿನ ಸೀಲಿಗೂ ಇದೇ ಸೂತ್ರ ಅನ್ವಯಿಸುತ್ತದೆ. ಅಲ್ಲಿ ಕೂಲಿಯ ಜೊತೆಗೆ ಉತ್ಪಾದನೆ ನಿಂತ ದಿನಗಳ ನಷ್ಟವನ್ನೂ ಸೇರಿಸಬೇಕಾಗುತ್ತದೆ.

ಲೆಕ್ಕಪುಸ್ತಕದಲ್ಲಿ

ಲೆಕ್ಕಶಾಸ್ತ್ರವೂ ಇದೇ ದಾರಿಗೆ ಬಂದಿದೆ. ಯಂತ್ರದ ಒಂದು ಮುಖ್ಯ ಭಾಗದ ಬೆಲೆ ಗಣನೀಯವಾಗಿದ್ದು ಅದರ ಆಯುಷ್ಯ ಬೇರೆಯಾಗಿದ್ದರೆ, ಆ ಭಾಗಕ್ಕೆ ಪ್ರತ್ಯೇಕ ಸವಕಳಿ ಲೆಕ್ಕ ಹಾಕಬೇಕೆಂದು 2013ರ ಕಂಪೆನಿ ಕಾಯ್ದೆಯ ಎರಡನೆಯ ಅನುಸೂಚಿ ಹೇಳುತ್ತದೆ. 2015ರ ಏಪ್ರಿಲ್ 1ರಿಂದ ಆರಂಭವಾದ ಲೆಕ್ಕವರ್ಷದಿಂದ ಇದು ಕಂಪೆನಿಗಳಿಗೆ ಕಡ್ಡಾಯ. ಪಾಲುದಾರಿಕೆ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದಿದ್ದರೂ ಆಲೋಚನಾಕ್ರಮ ಅನುಸರಣೀಯ. ಒಂದು ಯಂತ್ರವೆಂದರೆ ಒಂದು ಆಯುಷ್ಯವಲ್ಲ. ಬೇರೆಬೇರೆ ಆಯುಷ್ಯದ ಭಾಗಗಳ ಕೂಟ.

ಕೊಳ್ಳುವ ಮುನ್ನ

ವರ್ಷಗಳುರುಳಿದಂತೆ ಬಳಸಿದ 944ರ ಮಾರುಕಟ್ಟೆ ಬೆಲೆ ಬಹಳ ಇಳಿಯಿತು. ದುರಸ್ತಿಯ ಖರ್ಚು ಇಳಿಯಲಿಲ್ಲ. ಅಗ್ಗಕ್ಕೆ ಕೊಂಡವರು ದುರಸ್ತಿಯನ್ನು ಮುಂದೂಡಿದರು. ಒಂದು ಕ್ಲಚ್ಚಿನ ಖರ್ಚು ಕಾರಿನ ಬೆಲೆಯನ್ನೇ ಮೀರಿದಾಗ ಅನೇಕ ಕಾರುಗಳು ಗುಜರಿ ಸೇರಿದವು. ಕ್ರಮವಾಗಿ ನಿರ್ವಹಿಸಿ, ರಸೀದಿಗಳನ್ನು ಜೋಪಾನಮಾಡಿದ ಕಾರುಗಳಿಗೆ ಇಂದು ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಾರೆ.

ಆದ್ದರಿಂದ ಬಳಸಿದ ಯಂತ್ರವನ್ನು ನೋಡಲು ಹೋದಾಗ ಬಣ್ಣಕ್ಕಿಂತ ಮೊದಲು ದುರಸ್ತಿಯ ದಾಖಲೆ ಪುಸ್ತಕವನ್ನು ಕೇಳಿರಿ. ಕೊನೆಯ ಬಾರಿ ಯಾವಾಗ ಬಿಚ್ಚಲಾಯಿತು, ಆಗ ಏನೇನು ಬದಲಾಯಿತು ಎಂಬುದನ್ನು ಬರೆದುಕೊಳ್ಳಿರಿ. ದಾಖಲೆ ಇಲ್ಲದಿದ್ದಲ್ಲಿ ಒಂದು ಪೂರ್ಣ ದುರಸ್ತಿಯ ಅಂದಾಜನ್ನು ಪಡೆದು, ಆ ಮೊತ್ತವನ್ನು ಕೇಳಿದ ಬೆಲೆಗೆ ಸೇರಿಸಿ ನೋಡಿರಿ. ಹಾಗೆ ಬರುವ ಮೊತ್ತವೇ ಆ ಯಂತ್ರದ ನಿಜವಾದ ಬೆಲೆ. ಚೌಕಾಸಿಯನ್ನು ಅಲ್ಲಿಂದ ಆರಂಭಿಸುವುದು ಲೇಸು.