ರೆಸಾರ್ಟ್ ಮನೆಗಳ ರಸ್ತೆ ಶುಲ್ಕ: ಯಾವ ಹೊತ್ತಿನ ಗಾಡಿ ಎಣಿಸಬೇಕು?

ಮಡಕಶಿರಾ, ಲೇಪಾಕ್ಷಿ, ಹಿಂದೂಪುರ ಸುತ್ತಿನ ನಮ್ಮ ಸೀಮೆಯಲ್ಲಿ ಜಮೀನನ್ನು ಎಕರೆ, ಸೆಂಟಿನಲ್ಲಿ ಹೇಳುವ ಕಾಲ ಹಿಂದಾಗುತ್ತಿದೆ. ಬೆಂಗಳೂರಿನಿಂದ ಬರುವ ಪಾರ್ಟಿಗಳು ಚದರ ಅಡಿಯಲ್ಲಿ ಕೇಳುತ್ತಾರೆ. ಕಡಲೆಕಾಯಿ ಬೆಳೆಯುತ್ತಿದ್ದ ಕೆಂಪು ನೆಲಕ್ಕೆ ಕಾಂಪೌಂಡು, ಕಮಾನು, ಈಜುಕೊಳ, ಅದರೊಳಗೆ ಸಾಲಾಗಿ ‘ರೆಸಾರ್ಟ್ ವಿಲ್ಲಾ’ಗಳು. ಮಾರಿದವನೂ ನಮ್ಮವನೇ, ಮಾರಿದ ದುಡ್ಡಿನಲ್ಲಿ ಮಗಳ ಮದುವೆ ಮಾಡಿದವನೂ ನಮ್ಮವನೇ. ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಕಮಾನಿನ ಹೊರಗಿನ ರಸ್ತೆಯದು.

ಆ ರಸ್ತೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದು. 2000ನೇ ಇಸವಿ ಡಿಸೆಂಬರ್ 25ರಂದು ಶುರುವಾದ ಆ ಯೋಜನೆಯ ರಸ್ತೆಗಳಿಗೆ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಗಾಡಿ ಕಡಿಮೆ ಇರುವಲ್ಲಿ 3 ಮೀಟರ್. ಮೊದಲ ಐದು ವರ್ಷ ಗುತ್ತಿಗೆದಾರನೇ ದುರಸ್ತಿ ನೋಡಿಕೊಳ್ಳಬೇಕು, ಆಮೇಲೆ ದೇವರು ನೋಡಿಕೊಳ್ಳಬೇಕು. ಎದುರಿಗೆ ಕಾರು ಬಂದರೆ ಟ್ರಾಕ್ಟರಿನ ಎಡಗಾಲಿ ಮಣ್ಣಿಗಿಳಿಯುತ್ತದೆ. ಬೆಳಿಗ್ಗೆ ಹಾಲಿನ ವ್ಯಾನು, ರೇಷ್ಮೆಗೂಡು ಹೊತ್ತು ಹಿಂದೂಪುರ ಮಾರ್ಕೆಟ್ಟಿಗೆ ಹೋಗುವ ಲಗೇಜ್ ಆಟೋ, ಶಾಲೆ ಮಕ್ಕಳು, ಎಲ್ಲಕ್ಕೂ ಅದೊಂದೇ ದಾರಿ.

ನಮ್ಮೂರಿನ ಪಕ್ಕ ಇಂಥ ಮನೆಗಳು ಬರುವುದು ಗೊತ್ತಾದಾಗ ಗ್ರಾಮಸಭೆಯಲ್ಲಿ ಮಾತು ಎದ್ದಿತು. ಒಬ್ಬರು ಮನೆಗೆ ಐದು ಲಕ್ಷ ಕಟ್ಟಿಸಿಕೊಳ್ಳಿ, ಅವರಿಗೇನು ಬರವೇ ಅಂದರು. ಲೇಔಟಿನ ಕಡೆಯಿಂದ ಬಂದಾತ ನಯವಾಗಿ, “ನೆಲಕಿ ರೆಂಡು ಸಾರ್ಲು ವಸ್ತಾರು ಸಾರ್, ತಾಳಂ ವೇಸಿನ ಇಂಟಿಕಿ ರೋಡ್ಡು ಫೀಜಾ?” ಅಂದ. ತಿಂಗಳಿಗೆ ಎರಡು ಸಲ ಬರುವವರು, ಬೀಗ ಹಾಕಿದ ಮನೆಗೂ ರಸ್ತೆ ಶುಲ್ಕವೇ ಎಂಬುದು ಅವನ ಪ್ರಶ್ನೆ. ಹಾಲಿನ ಸಂಘದ ಅಕ್ಕ ಒಬ್ಬರು ಕೂತಲ್ಲಿಂದಲೇ, “ಎರಡೇ ಸಲ ಬರ್ಲಿ ಕಣಪ್ಪ, ಎರಡೂ ಸಲ ಎಲ್ರೂ ಒಂದೇ ದಿನ ಬರ್ತಾರಲ್ಲ” ಅಂದರು. ಸಭೆ ನಕ್ಕಿತು. ನನಗಂತೂ ಇಡೀ ವ್ಯವಹಾರದ ಗಂಟು ಇರುವುದು ಆ ಅಕ್ಕನ ಮಾತಿನಲ್ಲೇ ಅನ್ನಿಸಿತು.

ಇಂಥ ಲೆಕ್ಕವನ್ನು ಬಹಳ ವರ್ಷಗಳಿಂದ ಹಾಕುತ್ತಿರುವ ದೇಶ ಅಮೆರಿಕ. ನನ್ನ ತಂಗಿಯ ಮಗ ಆರೆಗಾನ್ ರಾಜ್ಯದ ಬೆಂಡ್ ಪಟ್ಟಣದಲ್ಲಿದ್ದಾನೆ. ಅವನು ಕಳಿಸಿದ ಕಾಗದಗಳನ್ನು ನಮ್ಮೂರ ಮೇಷ್ಟರ ಜೊತೆ ಕೂತು ಬಿಡಿಸಿ ಓದಿದೆ. ಬೆಂಡ್ ಇರುವುದು ಡೆಶೂಟ್ಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ. ಪಶ್ಚಿಮಕ್ಕೆ ಕ್ಯಾಸ್ಕೇಡ್ ಬೆಟ್ಟಸಾಲು ಮಳೆಯನ್ನೆಲ್ಲ ಹಿಡಿದುಕೊಂಡು, ಈಚೆಗೆ ಒಣ ನೆಲ ಬಿಡುತ್ತದೆ. ಅಂದರೆ ನಮ್ಮ ಅನಂತಪುರ ಸೀಮೆಯ ದೂರದ ನೆಂಟ. ಅಲ್ಲಿ ಕಾಲುವೆ ನೀರಿನಲ್ಲಿ ಮೇವು ಬೆಳೆಯುವ ರೈತರ ನಡುವೆ ಸನ್‌ರಿವರ್‌ನಂಥ ರೆಸಾರ್ಟ್ ಊರುಗಳು 1960ರ ದಶಕದ ಕೊನೆಯಿಂದಲೇ ಎದ್ದವು.

ಆರೆಗಾನಿನಲ್ಲಿ ಹೊಸ ಕಟ್ಟಡದಿಂದ ರಸ್ತೆ, ನೀರು, ಚರಂಡಿಗಳ ಮೇಲೆ ಬೀಳುವ ಹೊರೆಗೆ ಒಂದೇ ಸಲ ಕಟ್ಟಿಸಿಕೊಳ್ಳುವ ಶುಲ್ಕಕ್ಕೆ 1989ರಲ್ಲಿ ರಾಜ್ಯದ ಕಾಯ್ದೆ ಬಂತು. ಡೆಶೂಟ್ಸಿನವರು ರಸ್ತೆ ಶುಲ್ಕವನ್ನು ಮನೆಯ ಬೆಲೆಯ ಮೇಲೂ ಹಾಕುವುದಿಲ್ಲ, ಚದರ ಅಡಿಯ ಮೇಲೂ ಹಾಕುವುದಿಲ್ಲ. ಸಂಜೆ ಕಚೇರಿ ಬಿಡುವ ಹೊತ್ತಿನ ಒಂದು ಗಂಟೆಯಲ್ಲಿ ಆ ಮನೆಯಿಂದ ರಸ್ತೆಗೆ ಎಷ್ಟು ಓಡಾಟ ಬೀಳುತ್ತದೆ ಎಂದು ಹಿಡಿದು, ಒಂದು ಓಡಾಟಕ್ಕೆ ಇಷ್ಟು ಎಂದು ಗುಣಿಸುತ್ತಾರೆ. 2022-23ರಲ್ಲಿ ಆ ದರ 5,080 ಡಾಲರ್ ಇತ್ತು. ದೇಶದ ಲೆಕ್ಕದ ಪ್ರಕಾರ ಒಂದು ಮನೆಗೆ ಆ ಗಂಟೆಯಲ್ಲಿ ಸುಮಾರು ಒಂದು ಓಡಾಟ. ಆದರೆ ಆ ಸೀಮೆಯಲ್ಲಿ ವರ್ಷದ ಬಹುಪಾಲು ಬೀಗ ಹಾಕಿರುವ ಎರಡನೆಯ ಮನೆಗಳು ಹೆಚ್ಚು. ಹಾಗಾಗಿ ಕೌಂಟಿಯವರು ಒಂದರ ಬದಲು 0.81 ಎಂದು ಹಿಡಿದರು. 5,080ನ್ನು 0.81ರಿಂದ ಗುಣಿಸಿದರೆ 4,115 ಡಾಲರ್. ಬೀಗಕ್ಕೆ ಸಿಕ್ಕ ರಿಯಾಯಿತಿ ಅದು.

ಈ ರಿಯಾಯಿತಿ ಸುಮ್ಮನೆ ದಯೆಯಿಂದ ಕೊಟ್ಟದ್ದಲ್ಲ. ಅಮೆರಿಕದ ಸಾರಿಗೆ ಇಂಜಿನಿಯರುಗಳ ಸಂಸ್ಥೆಯವರು ಎಷ್ಟೋ ಊರುಗಳಲ್ಲಿ ಗಾಡಿ ಎಣಿಸಿ ಒಂದು ಕೈಪಿಡಿ ಮಾಡಿದ್ದಾರೆ. ಅದರಲ್ಲಿ ಸಾಧಾರಣ ಒಂಟಿಮನೆಗೆ ವಾರದ ದಿನವೊಂದಕ್ಕೆ ಹೋಗಿಬರುವುದೆಲ್ಲ ಸೇರಿ ಸುಮಾರು ಒಂಬತ್ತೂವರೆ ಓಡಾಟ. ವಿಹಾರದ ಮನೆಗೆ ಮೂರರಿಂದ ಮೂರೂವರೆ. ಮೂರರಲ್ಲೊಂದು ಪಾಲು ಅನ್ನಿ. ಲೇಔಟಿನವರು ಈ ಕೈಪಿಡಿ ಕಂಡರೆ ಕಣ್ಣಿಗೊತ್ತಿಕೊಂಡಾರು! ಆದರೆ ನಿಲ್ಲಿ ಸ್ವಾಮಿ, ಅದು ಸೋಮವಾರದಿಂದ ಶುಕ್ರವಾರದ ಲೆಕ್ಕ. ಅಲ್ಲಿಯ ಪಟ್ಟಣದ ರಸ್ತೆ ಕಟ್ಟಿಕೊಳ್ಳುವುದು ಕೆಲಸದ ದಿನದ ಸಂಜೆ. ಆ ಹೊತ್ತಿಗೆ ಬೀಗದ ಮನೆಯಿಂದ ಕಾರು ಬರದಿದ್ದರೆ ಅದಕ್ಕೆ ಕಡಿಮೆ ಹಾಕುವುದೇ ನ್ಯಾಯ. ನಮ್ಮ ರಸ್ತೆ ಕಟ್ಟಿಕೊಳ್ಳುವುದು ಯಾವಾಗ? ಶನಿವಾರ ಬೆಳಿಗ್ಗೆ ಮತ್ತು ಭಾನುವಾರ ಸಂಜೆ. ಆ ಹೊತ್ತಿಗೆ ಬೀಗದ ಮನೆಯೇ ಮುಂದೆ, ಊರಿನ ಮನೆ ಹಿಂದೆ.

ಇದನ್ನು ರೂಪಾಯಿಯಲ್ಲಿ ನೋಡೋಣ. ಇವು ನನ್ನ ಊಹೆಯ ಅಂಕಿಗಳು, ಲೆಕ್ಕದ ದಾರಿ ತೋರಿಸಲಿಕ್ಕೆ ಮಾತ್ರ. ಮೂರು ಕಿಲೋಮೀಟರ್ ರಸ್ತೆ ಅಗಲ ಮಾಡಲು 1 ಕೋಟಿ 80 ಲಕ್ಷ ಬೇಕು, ಮನೆಗಳು 120 ಎಂದಿಟ್ಟುಕೊಳ್ಳಿ. ಬುಧವಾರ ಸಂಜೆ ಒಂದು ಗಂಟೆಯಲ್ಲಿ 80 ಗಾಡಿ ಹೋದರೆ ಅದರಲ್ಲಿ ಲೇಔಟಿನವು 20. ಅಂದರೆ ಕಾಲು ಪಾಲು, 45 ಲಕ್ಷ. ಮನೆಗೆ 37,500 ರೂಪಾಯಿ. ಅದೇ ಭಾನುವಾರ ಸಂಜೆ 150 ಗಾಡಿಯಲ್ಲಿ ಅವರವು 90. ನೂರಕ್ಕೆ ಅರವತ್ತು, 1 ಕೋಟಿ 8 ಲಕ್ಷ. ಮನೆಗೆ 90,000. ಅದೇ ಮನೆ, ಅದೇ ರಸ್ತೆ. ಎಣಿಸುವ ಹೊತ್ತು ಬದಲಾದದ್ದಕ್ಕೇ 52,500 ರೂಪಾಯಿ ಹೆಚ್ಚುಕಡಿಮೆ. ಬುಧವಾರದ 80 ಗಾಡಿಗೆ ಇರುವ ರಸ್ತೆಯೇ ಸಾಕು, ಅಗಲ ಮಾಡಬೇಕಾದದ್ದು ಭಾನುವಾರಕ್ಕೆ ಎಂದಾದರೆ, ಭಾನುವಾರವನ್ನೇ ಎಣಿಸಬೇಕೆಂಬುದು ನನ್ನ ವಾದ. ಇದಕ್ಕೆ ಎದುರು ಮಾತೂ ಇದೆ: ವಾರಕ್ಕೆ ನಾಲ್ಕು ಗಂಟೆಯ ಒತ್ತಡಕ್ಕೆ ಇಡೀ ರಸ್ತೆ ಅಗಲ ಮಾಡುವುದೇ ದಂಡ, ಅಲ್ಲಲ್ಲಿ ಎದುರು ಗಾಡಿಗೆ ಜಾಗ ಬಿಡುವ ಪಟ್ಟಿ, ಎರಡು ಮೋರಿ ಅಗಲ ಮಾಡಿದರೆ ಆಯಿತು ಅಂತ. ಅದು ಒಪ್ಪುವಂಥ ಮಾತೇ. ಆಗ ಖರ್ಚು ಇಳಿಯುತ್ತದೆ, ಶುಲ್ಕವೂ ಇಳಿಯಲಿ.

ಇನ್ನೊಂದು ತೊಡಕು ಬಾಡಿಗೆಯದು. ರೆಸಾರ್ಟ್ ಮನೆ ಎಂದು ಬರೆಸಿದ ಮಾತ್ರಕ್ಕೆ ಬೀಗ ಬೀಳುವುದಿಲ್ಲ. ದಿನಕ್ಕಿಷ್ಟು ಎಂದು ಬಾಡಿಗೆಗೆ ಬಿಟ್ಟರೆ ಬರುವವರು ಬೇರೆ, ಗುಡಿಸಿ ಒರೆಸುವವರು ಬೇರೆ, ಊಟ ತರುವ ಹುಡುಗರು ಬೇರೆ. ಆರೆಗಾನಿನ ಕಾನೂನು ಇದನ್ನು ಬಹಳ ಬೇಗ ಗುರುತಿಸಿತು. ಡೆಶೂಟ್ಸ್ ಇರುವ ಪೂರ್ವ ಭಾಗದಲ್ಲಿ ರೆಸಾರ್ಟಿನೊಳಗೆ ಸ್ವಂತದ್ದಾದ ಮನೆಯನ್ನು ತಂಗುವ ಕೋಣೆ ಎಂದು ಲೆಕ್ಕಕ್ಕೆ ತೋರಿಸಬೇಕಾದರೆ, ಅದು ವರ್ಷಕ್ಕೆ ಕನಿಷ್ಠ 38 ವಾರ ಸಾರ್ವಜನಿಕರಿಗೆ ಬಾಡಿಗೆಗೆ ಸಿಗುವಂತಿರಬೇಕು. ಪರವಾನಗಿ ಕೇಳುವಾಗ ಹೋಟೆಲು, ಶುಲ್ಕ ಕಟ್ಟುವಾಗ ಬೀಗದ ಮನೆ ಎಂದು ಎರಡು ನಾಲಿಗೆ ಆಡಲಿಕ್ಕೆ ಇಂಥ ವಾರದ ಲೆಕ್ಕ ಬಿಡುವುದಿಲ್ಲ.

ಹಾಗೆಂದು ಆ ದೇಶದಲ್ಲಿ ಸರ್ಕಾರ ಕೇಳಿದ್ದೆಲ್ಲ ನಡೆಯುತ್ತದೆ ಅಂತಲ್ಲ. ಅದೇ ಆರೆಗಾನಿನ ಟೈಗಾರ್ಡ್ ಪಟ್ಟಣದಲ್ಲಿ ನಲ್ಲಿ, ಪೈಪಿನ ಅಂಗಡಿ ದೊಡ್ಡದು ಮಾಡಲು ಹೊರಟ ಫ್ಲಾರೆನ್ಸ್ ಡೋಲನ್ ಎಂಬಾಕೆಯಿಂದ ಪುರಸಭೆ ಹಳ್ಳದ ಬದಿಯ ಜಾಗವನ್ನೂ ಸೈಕಲ್ ದಾರಿಗೆ ನೆಲವನ್ನೂ ಕೇಳಿತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು: ಕೇಳುವುದು ಹೊರೆಗೆ ಸರಿಸುಮಾರಾಗಿ ತಕ್ಕಂತಿರಬೇಕು, ತಕ್ಕಂತಿದೆ ಎಂದು ತೋರಿಸಬೇಕಾದವರು ಕೇಳುವವರೇ. ಮೂವತ್ತು ವರ್ಷದ ಮೇಲೆ ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯ ಮೊಕದ್ದಮೆ ಬಂತು. ಅದು ಟಾಹೊ ಸರೋವರದ ಕಡೆ ಹತ್ತುವ ಬೆಟ್ಟದ ಸೀಮೆ. ಜಾರ್ಜ್ ಶೀಟ್ಜ್ ಎಂಬಾತ ತನ್ನ ಜಾಗದಲ್ಲಿ ಕಾರ್ಖಾನೆಯಲ್ಲಿ ಮಾಡಿದ ಸಾದಾ ಮನೆಯೊಂದನ್ನು ತಂದು ಕೂರಿಸಲು ಹೊರಟರೆ 23,420 ಡಾಲರ್ ರಸ್ತೆ ಶುಲ್ಕ ಕೇಳಿದರು. ಆ ಮನೆಯ ಓಡಾಟ ಯಾರೂ ಎಣಿಸಿರಲಿಲ್ಲ. ಯಾವ ವಲಯ, ಯಾವ ಬಗೆಯ ಕಟ್ಟಡ ಎಂದು ಪಟ್ಟಿ ನೋಡಿ ಹಾಕಿದ್ದರು. 2024ರ ಏಪ್ರಿಲ್ 12ರಂದು ಒಂಬತ್ತೂ ನ್ಯಾಯಾಧೀಶರು ಒಂದೇ ದನಿಯಲ್ಲಿ, ಚುನಾಯಿತ ಸಭೆ ಪಟ್ಟಿ ಮಾಡಿ ಹಾಕಿದ ಶುಲ್ಕವೆಂಬ ಕಾರಣಕ್ಕೆ ಅದು ಈ ತಕ್ಕಡಿಯಿಂದ ತಪ್ಪಿಸಿಕೊಳ್ಳಲಾಗದು ಎಂದು ಹೇಳಿ ಕೆಳಗಿನ ಕೋರ್ಟಿಗೆ ಮರಳಿಸಿದರು. ವರ್ಗವಾರು ಪಟ್ಟಿ ಮಾಡುವುದು ತಪ್ಪೋ ಸರಿಯೋ ಎಂಬುದನ್ನು ಮಾತ್ರ ಅವರು ತೀರ್ಮಾನಿಸಲಿಲ್ಲ. ನಮ್ಮ ಗ್ರಾಮಸಭೆಯ ಐದು ಲಕ್ಷದವರು ಈ ಮನುಷ್ಯನನ್ನು ನೆನೆಯಬೇಕು. ನಾಳೆ ಊರೊಳಗೆ ಮಗನಿಗಾಗಿ ಎರಡು ಅಂಕಣದ ಮನೆ ಕಟ್ಟುವವನ ತಲೆಗೂ ಅದೇ ಪಟ್ಟಿ ಬಂದೀತು.

ನಮ್ಮ ದೇಶದ ಕಾನೂನಿಗೂ ಈ ತಕ್ಕಡಿ ಹೊಸದಲ್ಲ, ಅದಕ್ಕೆ ಕನ್ನಡದ ನೆಂಟೂ ಇದೆ. 1951ರ ಮದರಾಸು ಧಾರ್ಮಿಕ ದತ್ತಿ ಕಾಯ್ದೆಯ ಕೆಳಗೆ ಮಠಗಳ ಆದಾಯದಿಂದ ನೂರಕ್ಕೆ ಐದರವರೆಗೆ ವಂತಿಗೆ ಕೇಳಿದಾಗ ಉಡುಪಿಯ ಶಿರೂರು ಮಠದ ಸ್ವಾಮಿಗಳು ಕೋರ್ಟಿಗೆ ಹೋದರು. ಉಡುಪಿ, ಕಾಸರಗೋಡು ಎರಡೂ ಆಗ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. 1954ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟು ತೆರಿಗೆ ಬೇರೆ, ಶುಲ್ಕ ಬೇರೆ. ಶುಲ್ಕವೆಂದರೆ ಕೊಟ್ಟವನಿಗೆ ಮಾಡುವ ಸೇವೆಗೆ ಪ್ರತಿಯಾಗಿರಬೇಕು ಎಂದು ಬಿಡಿಸಿ ಹೇಳಿ, ಆ ವಂತಿಗೆ ಶುಲ್ಕವಲ್ಲ ಎಂದು ತಳ್ಳಿತು. ನಮ್ಮ ಮಂಡಿ ವ್ಯಾಪಾರಸ್ಥರಿಗೆ ಇನ್ನೊಂದು ಮೊಕದ್ದಮೆ ಗೊತ್ತಿದ್ದೀತು. ಆಂಧ್ರದಲ್ಲಿ ಮಾರುಕಟ್ಟೆ ಶುಲ್ಕವನ್ನು ನೂರಕ್ಕೆ 50 ಪೈಸೆಯಿಂದ ಒಂದು ರೂಪಾಯಿಗೆ ಏರಿಸಿದ್ದು ಕೋರ್ಟು ಹತ್ತಿತು. 1983ರಲ್ಲಿ ಸುಪ್ರೀಂ ಕೋರ್ಟು ಪೈಸೆಗೆ ಪೈಸೆ ಹೊಂದಬೇಕಿಲ್ಲ, ಒಟ್ಟಾರೆ ಸಂಬಂಧ ಇದ್ದರೆ ಸಾಕು ಎಂದು ಏರಿಕೆಯನ್ನು ಎತ್ತಿಹಿಡಿಯಿತು. ‘ಇಂಪ್ಯಾಕ್ಟ್ ಫೀ’ ಎಂಬ ಮಾತೂ ತೆಲುಗಿನವರಿಗೆ ಪರಿಚಿತವೇ. 2006ರಲ್ಲಿ ಹೈದರಾಬಾದಿನ ಎತ್ತರದ ಕಟ್ಟಡಗಳಿಗೆ ಅದನ್ನು ಹಾಕಿದರು, ಆದರೆ ಕಟ್ಟಡದ ವಿಸ್ತೀರ್ಣದ ಮೇಲೆ. ಊರ ರಸ್ತೆಗೆ ಆ ಅಳತೆ ಹೊಂದದು. ದೊಡ್ಡ ಮನೆಯೆಲ್ಲ ಹೆಚ್ಚು ಕಾರು ಕಳಿಸುತ್ತದೆ ಅನ್ನುವಂತಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಕ್ಕಟ್ಟಿನ ಲೆಕ್ಕ. ರಸ್ತೆ ಕಿತ್ತುಹೋಗುವ ಲೆಕ್ಕ ಬೇರೆಯೇ. ಅಮೆರಿಕದವರು 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದಲ್ಲಿ ರಸ್ತೆಗಳನ್ನೇ ಕಟ್ಟಿ, ಲಾರಿ ಓಡಿಸಿ ಓಡಿಸಿ ಮುರಿದು ನೋಡಿದರು. ಗಾಡಿಯ ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಏಟು ಸುಮಾರು ಹದಿನಾರು ಪಟ್ಟು ಎಂದು ಕಂಡಿತು. ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್ನಿನ ಆಸುಪಾಸು. ಹತ್ತು ಟನ್ನಿನ ಅಚ್ಚು ಅದಕ್ಕೆ ಇಪ್ಪತ್ತು ಪಟ್ಟು. ಇಪ್ಪತ್ತನ್ನು ನಾಲ್ಕು ಸಲ ಇಟ್ಟು ಗುಣಿಸಿದರೆ 1,60,000. ಒಂದು ಟಿಪ್ಪರಿನ ಏಟು ಲಕ್ಷಾಂತರ ಕಾರಿನ ಏಟು! ನಮ್ಮ ಗ್ರಾಮ ರಸ್ತೆಗಳನ್ನು 8.16 ಟನ್ನಿನ ಅಚ್ಚನ್ನು ಅಳತೆಯಾಗಿಟ್ಟು ಲೆಕ್ಕ ಹಾಕುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿಗೆ ಮಿತಿಯನ್ನು 10.2ರಿಂದ 11.5 ಟನ್ನಿಗೆ ಏರಿಸಿತು. ಕಾನೂನಿನೊಳಗೇ ತುಂಬಿದ ಲಾರಿಯ ಅಂಥ ಒಂದು ಅಚ್ಚು ಅಳತೆಯ ನಾಲ್ಕು ಅಚ್ಚಿಗೆ ಸಮ. ಮೀರಿ ತುಂಬುವವರ ಮಾತು ಬಿಡಿ.

ಆದ್ದರಿಂದ ಗುಂಡಿ ಬೀಳಿಸುವವರು ರಜೆಗೆ ಬರುವ ಕಾರಿನವರಲ್ಲ, ಮನೆ ಕಟ್ಟುವ ಎರಡು ಮೂರು ವರ್ಷ ಜಲ್ಲಿ, ಎಂ-ಸ್ಯಾಂಡ್, ಕಬ್ಬಿಣ ಹೊರುವ ಟಿಪ್ಪರುಗಳು. ಈ ಬಾಬ್ತನ್ನು ಮನೆ ಕೊಳ್ಳುವವನ ಶುಲ್ಕದಲ್ಲಿ ಅಡಗಿಸಿಡದೆ, ಲೇಔಟ್ ಮಾಡುವವನಿಂದಲೇ ಮೊದಲೇ ಠೇವಣಿ ಹಿಡಿದು, ಕೆಲಸ ಮುಗಿದ ಮೇಲೆ ರಸ್ತೆ ಮೊದಲಿನಂತೆ ಮಾಡಿಕೊಟ್ಟರೆ ಮರಳಿಸುವುದು ಸರಿಯಾದ ದಾರಿ. ಅದಕ್ಕೆ ಕೆಲಸ ಶುರುವಾಗುವ ಮೊದಲೇ ರಸ್ತೆಯ ಫೋಟೋ, ಗುಂಡಿಗಳ ಪಟ್ಟಿ ಎರಡೂ ಕಡೆಯವರ ಸಹಿಯೊಂದಿಗೆ ಇರಬೇಕು. ಹುಣಸೆಹಣ್ಣಿನ ಲಾರಿ, ನಮ್ಮವರದೇ ಮಣ್ಣಿನ ಟಿಪ್ಪರು ಮಾಡಿದ ಹಳೇ ಗುಂಡಿಯ ಬಿಲ್ಲನ್ನು ಹೊಸಬರ ತಲೆಗೆ ಕಟ್ಟುವ ಆಸೆ ನಮ್ಮಲ್ಲೂ ಇಲ್ಲದಿಲ್ಲ. ಆರೆಗಾನಿನ ಕಾಯ್ದೆ ಇಲ್ಲಿ ಬಿಗಿ: ಹೊಸ ಕೆಲಸಕ್ಕೆಂದು ಹೊಸ ಮನೆಗಳಿಂದ ಪಡೆದ ಶುಲ್ಕ ರಸ್ತೆಯ ಸಾಮರ್ಥ್ಯ ಹೆಚ್ಚಿಸಲು ಮಾತ್ರ, ಹಳೆಯದರ ದುರಸ್ತಿಗೆ ಮುಟ್ಟುವಂತಿಲ್ಲ.

ಕಾಯ್ದೆಯ ಬಲವಿಲ್ಲದೆ ಪಂಚಾಯಿತಿ ತನ್ನಷ್ಟಕ್ಕೆ ಇಂಥ ಶುಲ್ಕ ಎತ್ತಲಾಗದು, ನಮ್ಮ ಠರಾವು ಮೇಲಿನವರಿಗೆ ಕೊಡುವ ಅರ್ಜಿ ಅಷ್ಟೇ. ಆದರೆ ಅರ್ಜಿಯ ಜೊತೆ ಎಣಿಕೆ ಇದ್ದರೆ ಅದರ ತೂಕ ಬೇರೆ. ಲೇಔಟಿನ ಮೊದಲ ಸಾಲಿನ ಇಪ್ಪತ್ತು ಮನೆಗಳಿಗೆ ಜನ ಬರತೊಡಗಿದ್ದಾರೆ. ಹಳ್ಳದ ಮೋರಿಯ ಹತ್ತಿರ ಹೈಸ್ಕೂಲು ಹುಡುಗರು ಇಬ್ಬಿಬ್ಬರಂತೆ ಕೂತು, ನಾಲ್ಕು ಭಾನುವಾರ ಸಂಜೆ ನಾಲ್ಕರಿಂದ ಎಂಟು, ನಾಲ್ಕು ಬುಧವಾರ ಅದೇ ಹೊತ್ತು, ಊರಿನ ಗಾಡಿಗೆ ಒಂದು ಗೀಟು, ಕಮಾನಿನೊಳಗಿನ ಗಾಡಿಗೆ ಒಂದು ಸೊನ್ನೆ ಹಾಕುವುದೆಂದು ಮಾತಾಗಿದೆ. ಲೇಔಟಿನವರೂ ತಮ್ಮ ಕಡೆಯ ಒಬ್ಬನನ್ನು ಕೂರಿಸಲಿ ಎಂದಿದ್ದೇವೆ. ಟೀ, ಬನ್ನಿನ ಖರ್ಚು ಹಾಲಿನ ಸಂಘದ್ದು.