ರಕ್ತಸ್ತಂಭನ ವಿಚಾರ

ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯದಲ್ಲಿ ಸುರಿಯುವ ರಕ್ತವನ್ನು ನಿಲ್ಲಿಸುವ ಉಪಾಯಗಳು ಸಂಧಾನ, ಸ್ಕಂದನ, ಪಾಚನ, ದಹನ ಎಂದು ನಾಲ್ಕಾಗಿ ಹೇಳಲ್ಪಟ್ಟಿವೆ. ಕಷಾಯದ್ರವ್ಯವು ವ್ರಣವನ್ನು ಕೂಡಿಸುವುದು, ಶೈತ್ಯವು ರಕ್ತವನ್ನು ಹೆಪ್ಪುಗಟ್ಟಿಸುವುದು, ಭಸ್ಮವು ಪಾಕಗೊಳಿಸುವುದು, ದಾಹವು ಸಿರೆಗಳನ್ನು ಸಂಕೋಚಗೊಳಿಸುವುದು ಎಂದು ಅಲ್ಲಿಯ ವಿವರಣೆ. ಇವೆಲ್ಲ ವೈದ್ಯನು ಹೊರಗಿನಿಂದ ನಡೆಸತಕ್ಕ ಕ್ರಿಯೆಗಳು. ಆದರೂ ರಕ್ತದ ಘನೀಭಾವ ಬೇರೆ, ಸಿರೆಯ ಸಂಕೋಚ ಬೇರೆ ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ವೈದ್ಯನು ಬರುವುದಕ್ಕೆ ಮೊದಲೇ ದೇಹವು ಈ ಎರಡನ್ನೂ ತಾನಾಗಿ ನಡೆಸುವ ಬಗೆಯೇ ಪ್ರಕೃತ ವಿಷಯ. ಸುಶ್ರುತನು ಅದನ್ನೂ ಅರಿತಿದ್ದನೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ; ಸೂಕ್ಷ್ಮದರ್ಶಕವಿಲ್ಲದೆ ಅದು ಕಾಣತಕ್ಕುದಲ್ಲ.

ಮೊದಲು ನಾಳದ ವಿಚಾರ. ರಕ್ತನಾಳದ ಒಳಮೈಗೆ ಒಂದೇ ಪದರದ ಜೀವಕೋಶಗಳ ಹಾಸುಂಟು. ನಾಳವು ಅಕ್ಷತವಾಗಿರುವಾಗ ಈ ಹಾಸು ನೈಟ್ರಿಕ್ ಆಕ್ಸೈಡು, ಪ್ರೊಸ್ಟಸೈಕ್ಲಿನ್ ಮೊದಲಾದ ದ್ರವ್ಯಗಳನ್ನು ಹೊರಬಿಟ್ಟು ರಕ್ತವು ಅಂಟದಂತೆ ಕಾಯುವುದು. ನಾಳವು ಕಡಿದೊಡನೆ ಗೋಡೆಯ ಸ್ನಾಯು ಬಿಗಿದು ದಾರಿ ಕಿರಿದಾಗುವುದು. ಹಾಸಿನ ಕೆಳಗೆ ಅಡಗಿದ್ದ ಕೊಲ್ಯಾಜೆನ್ ಎಂಬ ನಾರು ರಕ್ತಕ್ಕೆ ತೆರೆದುಕೊಳ್ಳುವುದು.

ಇನ್ನು ಪ್ಲೇಟ್‌ಲೆಟ್ ಎಂದು ವ್ಯವಹಾರದಲ್ಲಿರುವ ಕಿರುಬಿಲ್ಲೆಗಳು. ರಕ್ತಸ್ರಾವವನ್ನು ತಡೆಯುವುದರಲ್ಲಿ ಇವುಗಳ ಕಾರ್ಯವನ್ನು ಇಟಲಿಯ ಬಿಟ್ಸೊಜೆರೊ ಎಂಬ ವಿದ್ವಾಂಸನು 1882ರಲ್ಲಿ ವಿವರಿಸಿದನು. ಮೂಳೆಯ ಮಜ್ಜೆಯಲ್ಲಿರುವ ದೊಡ್ಡ ಕೋಶಗಳಿಂದ ಒಡೆದು ಬಂದ ತುಣುಕುಗಳಿವು, ಇವಕ್ಕೆ ಕೋಶಕೇಂದ್ರವಿಲ್ಲ. ಆರೋಗ್ಯವಂತನ ಒಂದು ಘನ ಮಿಲಿಮೀಟರು ರಕ್ತದಲ್ಲಿ ಸಾಮಾನ್ಯವಾಗಿ 1,50,000ದಿಂದ 4,50,000ದವರೆಗೆ ಇರುವುವು. ಆಯುಸ್ಸು ಏಳರಿಂದ ಹತ್ತು ದಿನ.

ವೇಗವಾಗಿ ಹರಿಯುವ ರಕ್ತದಲ್ಲಿ ಕಿರುಬಿಲ್ಲೆಯು ತಾನಾಗಿ ನಾರನ್ನು ಹಿಡಿದು ನಿಲ್ಲಲಾರದು. ಫಾನ್ ವಿಲ್ಲೆಬ್ರಾಂಡ್ ಅಂಶವೆಂಬ ನೀಳವಾದ ಪ್ರೋಟೀನು ನಾರಿಗೆ ಅಂಟಿ ಅದನ್ನು ಸೆರೆಹಿಡಿಯುವುದು. ಈ ಪ್ರೋಟೀನನ್ನು ಬಹುಮಟ್ಟಿಗೆ ತಯಾರಿಸಿಡುವುದು ನಾಳದ ಹಾಸೇ. ಹಿಡಿಯಲ್ಪಟ್ಟ ಕಿರುಬಿಲ್ಲೆಯು ಆಕಾರ ಬದಲಿಸಿ ಥ್ರಾಂಬಾಕ್ಸೇನ್ ಮೊದಲಾದ ದ್ರವ್ಯಗಳನ್ನು ಸುರಿಸಿ ಇತರ ಕಿರುಬಿಲ್ಲೆಗಳನ್ನು ಕರೆಯುವುದು. ಅದೇ ದ್ರವ್ಯವು ನಾಳವನ್ನು ಮತ್ತಷ್ಟು ಬಿಗಿಯುವುದು. ಹೀಗೆ ನಾಳವು ಕಿರುಬಿಲ್ಲೆಗೆ, ಕಿರುಬಿಲ್ಲೆಯು ನಾಳಕ್ಕೆ ಉಪಕಾರಿ. ಬಳಿಕ ಫೈಬ್ರಿನ್ ಎಂಬ ಎಳೆಗಳ ಬಲೆಯು ಈ ಮುಚ್ಚಳವನ್ನು ಭದ್ರಪಡಿಸುವುದು. ಪಕ್ಕದ ಅಕ್ಷತವಾದ ಹಾಸು ಅದು ಮಿತಿಮೀರಿ ಬೆಳೆಯದಂತೆ ತಡೆಯುವುದು.

ಈ ಸಹಕಾರದಲ್ಲಿ ಸಂಖ್ಯೆಯೊಂದೇ ಪ್ರಮಾಣವಲ್ಲವೆಂಬುದಕ್ಕೆ ದೃಷ್ಟಾಂತಗಳುಂಟು. ಫಿನ್ಲೆಂಡಿನ ವೈದ್ಯ ಫಾನ್ ವಿಲ್ಲೆಬ್ರಾಂಡನು 1926ರಲ್ಲಿ ವರ್ಣಿಸಿದ ಆನುವಂಶಿಕ ರೋಗದಲ್ಲಿ ಕಿರುಬಿಲ್ಲೆಗಳು ಸಾಮಾನ್ಯವಾಗಿ ಬೇಕಾದಷ್ಟಿದ್ದರೂ ಅಂಟಿಸುವ ಅಂಶದ ಕೊರತೆಯಿಂದ ರಕ್ತವು ಬೇಗನೆ ನಿಲ್ಲದು. ಆಸ್ಪಿರಿನ್ ಮಾತ್ರೆಯೂ ಸಂಖ್ಯೆಯನ್ನು ಕುಂದಿಸದೆ ಥ್ರಾಂಬಾಕ್ಸೇನನ್ನು ಮಾತ್ರ ತಡೆಯುವುದು. ಕೇಂದ್ರವಿಲ್ಲದ ಕಿರುಬಿಲ್ಲೆಯು ತನ್ನ ಆಯುಸ್ಸಿನೊಳಗೆ ಆ ನಷ್ಟವನ್ನು ತುಂಬಿಕೊಳ್ಳಲಾರದು.

ಈ ವಿವೇಕವು ಶಾಸ್ತ್ರಮಾತ್ರವಲ್ಲ. ಕರ್ನಾಟಕ ಸರಕಾರವು 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿತು. ಹೊಸೂರು ರಸ್ತೆಯ ಸಿಂಗಸಂದ್ರವೇ ಮೊದಲಾದ ಬೆಂಗಳೂರಿನ ಹೊರವಲಯದ ಊರುಗಳಲ್ಲಿ ಆ ಜ್ವರ ಬಂದ ಮನೆಯವರು ಮೊದಲು ಕೇಳುವುದು ಪ್ಲೇಟ್‌ಲೆಟ್ ಎಷ್ಟೆಂದು. ಸಂಖ್ಯೆ ಇಳಿಯುವುದು ನಿಜ. ಆದರೆ ತೀವ್ರ ಡೆಂಗಿಯಲ್ಲಿ ಪ್ರಾಣಕ್ಕೆ ಮುಖ್ಯವಾಗಿ ಅಪಾಯವೊಡ್ಡುವುದು ನಾಳಗಳ ಹಾಸು ಸಡಿಲಿ ರಕ್ತದ ದ್ರವಭಾಗವು ಹೊರಗೆ ಸೋರುವುದು. ಅದೂ ಬಹುಧಾ ಜ್ವರವು ಇಳಿಯುವ ಹೊತ್ತಿನಲ್ಲಿಯೇ. ಆದುದರಿಂದ ತೀವ್ರವಾದ ಹೊಟ್ಟೆನೋವು, ಬಿಡದ ವಾಂತಿ, ಒಸಡಿನ ರಕ್ತ, ಅತಿ ಆಯಾಸ ಇವು ತೋರಿದರೆ ಸಂಖ್ಯೆ ಎಷ್ಟೇ ಇರಲಿ ಆಸ್ಪತ್ರೆಗೆ ಹೋಗತಕ್ಕುದು. ಆಸ್ಪಿರಿನ್, ಐಬುಪ್ರೊಫೆನ್‌ಗಳು ವರ್ಜ್ಯ. ರಕ್ತಸ್ರಾವವಿಲ್ಲದಿರುವಾಗ ಸಂಖ್ಯೆ ತಗ್ಗಿತೆಂಬ ಕಾರಣಮಾತ್ರದಿಂದ ಕಿರುಬಿಲ್ಲೆಗಳನ್ನು ಏರಿಸುವುದು ಸಾಮಾನ್ಯವಾಗಿ ಅನಾವಶ್ಯಕ.

ಕನ್ನಡದಲ್ಲಿ ಹೆಪ್ಪುಗಟ್ಟುವುದೆಂಬ ಮಾತು ಹಾಲು ಮೊಸರಾಗುವುದನ್ನು ನೆನಪಿಗೆ ತರುವುದು. ಆ ಕಾರ್ಯದಲ್ಲಿ ಹಾಲಿನ ಪಾತ್ರೆಗೆ ಪಾಲಿಲ್ಲ; ರಕ್ತದ ಪಾತ್ರೆಯಾದ ನಾಳಕ್ಕಾದರೋ ಅರ್ಧ ಪಾಲುಂಟು. ಆದಕಾರಣ ಪಾಠಹೇಳುವವರು ರಕ್ತದ ಘನೀಭಾವಕ್ಕೆ ಹೆಪ್ಪೆಂಬ ಮಾತನ್ನೂ, ನಾಳ ಕಿರುಬಿಲ್ಲೆಗಳೆರಡೂ ಕೂಡಿ ನಡೆಸುವ ಸಮಗ್ರ ಕಾರ್ಯಕ್ಕೆ ರಕ್ತಸ್ತಂಭನವೆಂಬ ಮಾತನ್ನೂ ಬೇರೆಬೇರೆಯಾಗಿ ಬಳಸುವುದು ಯುಕ್ತ.